ರೂವಾರಿಯ ರುಜು

ನ್ಯಾಮತಿಯ ಸೀಮೆಯಲ್ಲಿ ಒಂದು ದಿನ ಅಡ್ಡಾಡಿ ಬಂದವರ ಕಣ್ಣಿಗೆ ಒಂದಲ್ಲ ಒಂದೂರಿನಲ್ಲಿ ಈ ನೋಟ ಬಿದ್ದೇ ಬೀಳುತ್ತದೆ: ಕೆರೆಯ ಏರಿ, ಅದರ ಮಗ್ಗುಲಲ್ಲೊಂದು ಹನುಮಂತನ ಗುಡಿ, ಗುಡಿಯ ಮುಂದೆ ಅರ್ಧದವರೆಗೆ ಮಣ್ಣಿನಲ್ಲಿ ಹೂತ ಒಂದು ವೀರಗಲ್ಲು. ತುರುಗಳನ್ನು ಮರಳಿಸಲು ಹೋರಿ ಮಡಿದ ವೀರ ಕೆಳಗೆ. ಅವನನ್ನು ವಿಮಾನದಲ್ಲಿ ಕರೆದೊಯ್ಯುವ ದೇವಕನ್ನೆಯರು ಮೇಲೆ. ಮಳೆಗಾಳಿಗಳಿಗೆ ಮೊಗ ಸವೆದಿದ್ದರೂ ಕೈಯ ಕತ್ತಿ ಇನ್ನೂ ಬಾಗಿಲ್ಲ. “ಇದನ್ನು ಕಡೆದವರು ಯಾರು?” ಎಂದು ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕೇಳಿ ನೋಡಿರಿ. ಉತ್ತರ ಸಿದ್ಧವಾಗಿರುತ್ತದೆ: “ಇನ್ಯಾರಪ್ಪಾ? ಜಕಣಾಚಾರಿ!”

ಈ ಉತ್ತರ ನ್ಯಾಮತಿಯದೊಂದೇ ಅಲ್ಲ. ಬೇಲೂರಿನಲ್ಲಿ ಕೇಳಿದರೂ ಇದೇ, ಹಳೇಬೀಡಿನಲ್ಲಿ ಕೇಳಿದರೂ ಇದೇ. ಧಾರವಾಡದ ಸೀಮೆಯಲ್ಲಂತೂ ಹಳೆಯ ಕಲ್ಲುಗುಡಿಯೆಂದರೆ ಜಕಣಾಚಾರಿಯ ಗುಡಿಯೆಂದೇ ವಾಡಿಕೆ. ಇಷ್ಟು ವಿಶಾಲವಾದ ನಾಡಿನ, ಇಷ್ಟು ಶತಮಾನಗಳ ಕಲ್ಲುಕೆಲಸವನ್ನೆಲ್ಲ ಒಬ್ಬನೇ ಪುರುಷನ ಉಳಿಯ ಲೆಕ್ಕಕ್ಕೆ ಬರೆದುಬಿಟ್ಟ ಜನದ ಭಕ್ತಿ ದೊಡ್ಡದು. ಆದರೆ ಆ ಭಕ್ತಿಯ ನೆರಳಿನಲ್ಲಿ ನಿಜವಾಗಿ ಉಳಿ ಹಿಡಿದ ಎಷ್ಟು ಕೈಗಳು ಮರೆಯಾದುವು? ಆ ಕೈಗಳಿಗೆ ಅವುಗಳ ಹೆಸರನ್ನು ಮರಳಿ ಕೊಡಿಸಿದವರು ಯಾರು? ಪತ್ತೇದಾರಿಯ ಕಥೆಗಿಂತ ಕಡಮೆಯಲ್ಲದ ಈ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಬ್ಬನಿಗೆ ಮೂವತ್ತು ಹೆಸರು

ಕಲಾವಿದನ ಹೆಸರಿನ ತೊಡಕು ನಮ್ಮಲ್ಲಿ ಮಾತ್ರವೇ ಹುಟ್ಟಿದುದಲ್ಲ. ಜಪಾನಿನ ನಿಸರ್ಗಚಿತ್ರಕಾರ ಹೊಕುಸಾಯಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 1760ರಲ್ಲಿ ಹುಟ್ಟಿ 1849ರಲ್ಲಿ ತೀರಿಕೊಂಡ ಈತನ ಫ್ಯೂಜಿ ಪರ್ವತದ ನೋಟಗಳು ಇಂದು ಲೋಕವಿಖ್ಯಾತವಾಗಿವೆ. ತನ್ನ ದೀರ್ಘಾಯುಷ್ಯದಲ್ಲಿ ಆತ ಧರಿಸಿ ಕಳಚಿದ ಹೆಸರುಗಳು ಮೂವತ್ತಕ್ಕೂ ಮಿಕ್ಕಿವೆ. ಗುರುವಿನ ಮನೆಯಲ್ಲಿದ್ದಾಗ ಶುನ್ರೋ, ಬಳಿಕ ಸೋರಿ, ಹೊಕುಸಾಯಿ, ತಾಯಿತೋ, ಇಯಿತ್ಸು, ಕಡೆಗಾಲದಲ್ಲಿ ಮಂಜಿ. ತನ್ನನ್ನು ‘ಚಿತ್ರದ ಹುಚ್ಚು ಹಿಡಿದ ಮುದುಕ’ನೆಂದು ಕರೆದುಕೊಂಡುದೂ ಉಂಟು.

ಇಷ್ಟೇ ಆಗಿದ್ದರೆ ತೊಡಕು ಹೆಚ್ಚಾಗುತ್ತಿರಲಿಲ್ಲ. ತಾನು ಬಿಟ್ಟ ಹೆಸರನ್ನು ಆತ ಶಿಷ್ಯರಿಗೆ ದಾಟಿಸಿಬಿಡುತ್ತಿದ್ದನು. ಸೋರಿ ಎಂಬ ಹೆಸರು ಒಬ್ಬ ಶಿಷ್ಯನಿಗೆ ಹೋಯಿತು. ತಾಯಿತೋ ಎಂಬುದು ಮತ್ತೊಬ್ಬನಿಗೆ. ಹೀಗಾಗಿ ‘ತಾಯಿತೋ’ ಎಂಬ ರುಜುವಿರುವ ಚಿತ್ರವನ್ನು ಕಂಡೊಡನೆ ಅದು ಗುರುವಿನದೋ ಶಿಷ್ಯನದೋ ಎಂದು ತಜ್ಞರು ಕೈಯ ಒಕ್ಕಣೆಯನ್ನೇ ಪರೀಕ್ಷಿಸಬೇಕಾಯಿತು. ಪುಣ್ಯಕ್ಕೆ ಫ್ಯೂಜಿಯ ಚಿತ್ರಗಳಲ್ಲಿ ಕೆಲವಕ್ಕೆ ಆತ ‘ಹೊಕುಸಾಯಿ ಹೋಗಿ ಇಯಿತ್ಸು ಆದವನು’ ಎಂಬರ್ಥದ ರುಜು ಹಾಕಿದ್ದನು. ಒಂದು ಹೆಸರು ಇನ್ನೊಂದಕ್ಕೆ ಕೊಟ್ಟ ಈ ಸಾಕ್ಷ್ಯ ಸಂಶೋಧಕರಿಗೆ ಕೈದೀವಿಗೆಯಾಯಿತು.

ಕನ್ನಡಿಗರಿಗೆ ಇದು ಅಪರಿಚಿತವಾದ ಸಂಗತಿಯೇನೂ ಅಲ್ಲ. ನಮ್ಮ ವಚನಕಾರರು ತಮ್ಮ ಸ್ವಂತ ಹೆಸರನ್ನು ಬದಿಗಿಟ್ಟು ಇಷ್ಟದೈವದ ಹೆಸರನ್ನು ಅಂಕಿತವಾಗಿ ಹಿಡಿದರು. ‘ಗುಹೇಶ್ವರ’ ಎಂದು ಕಿವಿಗೆ ಬಿದ್ದೊಡನೆ ಇದು ಅಲ್ಲಮನ ವಚನವೆಂದು ನಾವು ಗುರುತಿಸುತ್ತೇವೆ. ಆ ಅಲ್ಲಮನ ಊರೆಂದು ಪರಂಪರೆ ಹೇಳುವ ಬಳ್ಳಿಗಾವಿ ನ್ಯಾಮತಿಗೆ ದೂರದ್ದಲ್ಲ. ಸವಳಂಗದ ಹಾದಿ ಹಿಡಿದು ಶಿಕಾರಿಪುರ, ಶಿರಾಳಕೊಪ್ಪಗಳನ್ನು ದಾಟಿದರೆ ಸಿಕ್ಕಿತು. ಬಳ್ಳಿಗಾವಿಯ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಈ ಕಥೆಯ ಮೊದಲ ಸುಳಿವು ದೊರೆಯುವುದು ಅಲ್ಲಿಯೇ.

ಹಲವರಿಗೆ ಒಂದೇ ಹೆಸರು

ಜಪಾನಿನಲ್ಲಿ ಒಬ್ಬನಿಗೆ ಮೂವತ್ತು ಹೆಸರಾದರೆ, ನಮ್ಮಲ್ಲಿ ಅದಕ್ಕೆ ತಿರುಗುಮುರುಗು. ನೂರಾರು ಜನಕ್ಕೆ ಒಂದೇ ಹೆಸರು.

ಜಕಣಾಚಾರಿಯ ಕಥೆಯನ್ನು ಅರಿಯದ ಕನ್ನಡಿಗರಾರು? ತುಮಕೂರಿನ ಬಳಿಯ ಕ್ರೀಡಾಪುರದ ಈ ಶಿಲ್ಪಿ ಕಲೆಯ ಹಂಬಲದಿಂದ ಮನೆ ಮಡದಿಯರನ್ನು ತೊರೆದು ಹೋದನು. ವರುಷಗಳುರುಳಿದ ಮೇಲೆ ಬೇಲೂರಿನಲ್ಲಿ ದೇವರ ಮೂರ್ತಿಯನ್ನು ಮುಗಿಸಿ ನಿಂತಿದ್ದಾಗ, ತಂದೆಯನ್ನು ಅರಸಿ ಬಂದ ಮಗ ಡಂಕಣನು ಶಿಲೆಯಲ್ಲಿ ದೋಷವಿದೆಯೆಂದನು. ಯಾರೊಬ್ಬರಿಗೂ ಯಾರ ಗುರುತೂ ಇಲ್ಲ. ದೋಷವಿದ್ದರೆ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ತಂದೆಯ ಪಣ. ಮೂರ್ತಿಗೆ ಗಂಧ ಬಳಿದು ಒಣಗಿಸಿದಾಗ ಹೊಕ್ಕುಳ ಸುತ್ತ ಮಾತ್ರ ಒದ್ದೆ ಉಳಿಯಿತು. ಅಲ್ಲಿ ಉಳಿಯಿಟ್ಟರೆ ಒಳಗಿನಿಂದ ನೀರು, ಮರಳು, ಜೀವಂತವಾದ ಒಂದು ಕಪ್ಪೆ! ತಂದೆ ಕೈ ಕಡಿದುಕೊಂಡನು, ತಂದೆ ಮಗಂದಿರ ಗುರುತಾಯಿತು, ಮುಂದೆ ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟಿದಾಗ ಕಡಿದ ಕೈ ಮರಳಿ ಬಂದಿತು, ಕ್ರೀಡಾಪುರ ಕೈದಾಳವಾಯಿತು. ಬೇಲೂರಿನಲ್ಲಿ ಇಂದಿಗೂ ಕಪ್ಪೆ ಚೆನ್ನಿಗರಾಯನ ದರ್ಶನ ಮಾಡುವವರು ಈ ಕಥೆಯನ್ನು ಕೇಳದೆ ಹೊರಬರುವುದಿಲ್ಲ. 1964ರಲ್ಲಿ ಬಿ. ಎಸ್. ರಂಗಾ ಅವರು ‘ಅಮರಶಿಲ್ಪಿ ಜಕಣಾಚಾರಿ’ ಚಿತ್ರವನ್ನು ವರ್ಣದಲ್ಲಿ ತೆರೆಗೆ ತಂದ ಮೇಲಂತೂ ಕಥೆ ಮನೆಮನೆಯ ಮಾತಾಯಿತು. ನಾಡಿನ ಸರಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಇದೇ ಹೆಸರು.

ಕಥೆ ಸುಂದರವಾದುದು. ಆದರೆ ಲೆಕ್ಕವಿಡುವವನು ಬಂದರೆ ತೊಂದರೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಸೋಮನಾಥಪುರದ ಕೇಶವ ದೇವಾಲಯಕ್ಕೆ ಕೆಲವರು 1258 ಎನ್ನುತ್ತಾರೆ, ಕೆಲವರು 1268 ಎನ್ನುತ್ತಾರೆ. ಎರಡನ್ನೂ ಕಡೆದವನು ಒಬ್ಬನೇ ಆದರೆ ಅವನು ನೂರೈವತ್ತು ವರುಷಕ್ಕೂ ಹೆಚ್ಚು ಕಾಲ ಬದುಕಿ, ಕೊನೆಯವರೆಗೂ ಕೈ ನಡುಗದೆ ಉಳಿ ಹಿಡಿದಿರಬೇಕು. ಇದು ಮನುಷ್ಯಮಾತ್ರದವನಿಗೆ ಸಾಧ್ಯವಲ್ಲ.

ಹಾಗಾದರೆ ಈ ಹೆಸರು ಬಂದುದೆಲ್ಲಿಂದ? ಅದು ‘ದಕ್ಷಿಣಾಚಾರ್ಯ’ ಎಂಬುದರ ಮಾರ್ಪಾಡು, ಒಬ್ಬ ವ್ಯಕ್ತಿಯ ಹೆಸರಲ್ಲ, ದಕ್ಷಿಣದ ಶಿಲ್ಪಿಗಳ ಪರಂಪರೆಗೇ ಸಂದ ಹೆಸರು ಎಂದು ವಿದ್ವಾಂಸರಲ್ಲಿ ಕೆಲವರು ಊಹಿಸಿದ್ದಾರೆ. ‘ಟಂಕ’ವೆಂದರೆ ಕಲ್ಲುಕುಟಿಗನ ಉಳಿ ಎಂಬುದನ್ನು ನೆನೆದರೆ ಡಂಕಣನ ಹೆಸರಿನಲ್ಲಿಯೂ ಉಳಿಯ ಸದ್ದೇ ಕೇಳಿಸಿದಂತಾಗುತ್ತದೆ. ಜಕಣಾಚಾರಿ ಎಂಬ ಶಿಲ್ಪಿ ಎಂದೂ ಇರಲಿಲ್ಲವೆಂದು ಇದರರ್ಥವಲ್ಲ. ಅವನೊಬ್ಬನ ತಲೆಗೆ ಕಟ್ಟಿದ ಕಿರೀಟದಲ್ಲಿ ಬಹು ಜನರ ರತ್ನಗಳು ಸೇರಿಕೊಂಡಿವೆ ಎಂಬುದಷ್ಟೇ ನಮ್ಮ ಮಾತು. ಆ ರತ್ನಗಳ ಒಡೆಯರು ತಮ್ಮ ಹೆಸರನ್ನು ಹೇಳದೆ ಹೋಗಿದ್ದರೆ ನಾವು ಮಾಡಬಹುದಾದುದು ಏನೂ ಇರುತ್ತಿರಲಿಲ್ಲ. ಸೋಜಿಗವೆಂದರೆ, ಅವರು ಹೇಳಿಯೇ ಹೋಗಿದ್ದರು! ಕೇಳುವ ಕಿವಿ, ಅಲ್ಲ, ಓದುವ ಕಣ್ಣು ಮಾತ್ರ ಏಳುನೂರು ವರುಷ ಒದಗಿ ಬರಲಿಲ್ಲ.

ಪೀಠದ ಕೆಳಗಿನ ಅಕ್ಷರಗಳು

ಆ ಕಣ್ಣುಗಳಲ್ಲಿ ಮೊದಲಿನವು ಬೆಂಜಮಿನ್ ಲೂಯಿ ರೈಸ್ ಅವರವು. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಈ ಆಂಗ್ಲ ವಿದ್ವಾಂಸರು ಮೈಸೂರು ಸಂಸ್ಥಾನದ ಊರೂರುಗಳ ಶಾಸನಗಳನ್ನು ಪ್ರತಿ ಮಾಡಿಸಿ, 1886ರಿಂದ 1905ರವರೆಗೆ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಒಂಬತ್ತು ಸಾವಿರದಷ್ಟು ಶಾಸನಗಳನ್ನು ಬೆಳಕಿಗೆ ತಂದರು. ಅವುಗಳಲ್ಲಿ 7ನೆಯದು ನಮ್ಮ ಸೀಮೆಗೆ ಸೇರಿದುದು. 1902ರಲ್ಲಿ ಹೊರಬಂದ ಆ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳಿವೆ. ನ್ಯಾಮತಿ ಆಗ ಹೊನ್ನಾಳಿಯ ಮಡಿಲಿನಲ್ಲಿದ್ದುದರಿಂದ ಸಿಂದ ಅರಸರ ಬೆಳಗುತ್ತಿಯ ಕಲ್ಲುಗಳೂ ಬಳ್ಳಿಗಾವಿಯ ಕಲ್ಲುಗಳೂ ಒಂದೇ ರಟ್ಟಿನ ನಡುವೆ ಕೂಡಿ ಕುಳಿತಿವೆ.

ಶಾಸನವೆಂದರೆ ಸಾಮಾನ್ಯವಾಗಿ ಅರಸನ ದಾನ, ದಂಡನಾಯಕನ ಗೆಲುವು, ಗುರುವಿನ ಹಿರಿಮೆ. ಆದರೆ ಬೇಲೂರಿನ ದೇವಾಲಯದಲ್ಲಿ ಇನ್ನೊಂದು ಬಗೆಯ ಬರಹ ಕಂಡುಬಂದಿತು. ಹೊರಗೋಡೆಯ ಮೇಲುಗಡೆ, ಸೂರಿನ ಕೆಳಗೆ, 38 ಮದನಿಕೆಯರು ನಿಂತಿದ್ದಾರಷ್ಟೆ? ಒಬ್ಬಳು ಕನ್ನಡಿ ನೋಡುತ್ತಿದ್ದರೆ ಇನ್ನೊಬ್ಬಳು ಗಿಳಿಯೊಡನೆ ಮಾತಿಗಿಳಿದಿದ್ದಾಳೆ. ನೋಡುವವರ ಕಣ್ಣೆಲ್ಲ ಅವರ ಮೊಗದ ಮೇಲೆ. ಆದರೆ ಅವರಲ್ಲಿ ಹಲವರ ಕಾಲಡಿಯ ಪೀಠದಲ್ಲಿ ಸಣ್ಣ ಅಕ್ಷರಗಳ ಸಾಲುಗಳಿವೆ. ಅವು ಕಡೆದವರ ರುಜುಗಳು.

ಆ ರುಜುಗಳಲ್ಲಿ ಜಕಣಾಚಾರಿ ಎಂಬ ಹೆಸರಿಲ್ಲ. ಇರುವ ಹೆಸರುಗಳಲ್ಲಿ ಅಗ್ರಗಣ್ಯವಾದುವು ಎರಡು: ಬಳ್ಳಿಗ್ರಾಮದ ದಾಸೋಜ, ದಾಸೋಜನ ಮಗ ಚಾವಣ. ಬಳ್ಳಿಗ್ರಾಮವೆಂದರೆ ನಮ್ಮ ನೆರೆಯ ಬಳ್ಳಿಗಾವಿ! ಮದನಿಕೆಗಳಲ್ಲಿ ನಾಲ್ಕು ತಂದೆಯವು, ಐದು ಮಗನವು ಎಂದು ಎಣಿಸಲಾಗಿದೆ. ಕಥೆಯಲ್ಲಿ ಬೇಲೂರಿಗೆ ಬಂದ ತಂದೆ ಮಗಂದಿರು ಒಬ್ಬರನ್ನೊಬ್ಬರು ಅರಿಯದೆ ಪಣ ಕಟ್ಟಿದರು. ಶಾಸನದಲ್ಲಿ ಬಂದ ತಂದೆ ಮಗಂದಿರು ಒಂದೇ ಗೋಡೆಯ ಮೇಲೆ ಮಗ್ಗುಲು ಮಗ್ಗುಲಲ್ಲಿ ಕೆಲಸ ಮಾಡಿ ತಂತಮ್ಮ ಹೆಸರು ಬರೆದರು. ಐತಿಹ್ಯದ ಬೇರಿನಲ್ಲಿ ಇಂಥದೊಂದು ನಿಜವಾದ ಸ್ಮೃತಿ ಅಡಗಿರಬಹುದೆ? ಹಾಗೆಂದು ಸಾಧಿಸಲಾಗದಿದ್ದರೂ ಹಾಗೆಂದು ಯೋಚಿಸಲು ಮನಸ್ಸಿಗೆ ಹಿತವಾಗುತ್ತದೆ.

ಈ ರುಜುಗಳ ಭಾಷೆಯೇ ಒಂದು ಪಾಠ. ‘ಓಜ’ ಎಂಬುದು ಸಂಸ್ಕೃತದ ‘ಉಪಾಧ್ಯಾಯ’ ಸವೆದು ಉಳಿದ ರೂಪ. ಕಸುಬಿನಲ್ಲಿ ಗುರುವಾದವನಿಗೆ ಸಲ್ಲುವ ಗೌರವದ ಮಾತು. ದಾಸೋಜ, ನಾಗೋಜ, ಮಲ್ಲೋಜ ಎಂಬ ಹೆಸರುಗಳ ಬಾಲದಲ್ಲೆಲ್ಲ ಅದು ತೂಗುತ್ತಿದೆ. ‘ರೂವಾರಿ’ ಎಂದರೆ ರೂಪವನ್ನು ಮಾಡುವವನು, ಶಿಲ್ಪಿ. ಬೇಲೂರಿನ ರೂವಾರಿಗಳು ಹೆಸರಿನ ಜೊತೆಗೆ ಬಿರುದುಗಳನ್ನೂ ಬರೆದುಕೊಂಡರು. ಬಿರುದು ಹೊತ್ತ ಎದುರಾಳಿ ರೂವಾರಿಗಳೆಲ್ಲ ಮನ್ಮಥರಾದರೆ ಅವರನ್ನು ಸುಡುವ ಶಿವನು ತಾನು ಎಂಬರ್ಥದ ಹೆಮ್ಮೆಯ ಮಾತು ಅಲ್ಲಿದೆ. ಭಾರತದ ಪ್ರಾಚೀನ ಶಿಲ್ಪಿ ಹೆಸರನ್ನು ಬಯಸದ ವಿರಾಗಿ, ಕಲೆಯನ್ನು ದೇವರಿಗೆ ಒಪ್ಪಿಸಿ ಕಣ್ಮರೆಯಾದವನು ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಬೇಲೂರಿನ ಪೀಠಗಳ ಮುಂದೆ ಆ ಮಾತು ನಿಲ್ಲಲಾರದು.

ಮಲ್ಲಿತಮ್ಮನೆಂಬ ಒಗಟು

ರೈಸ್ ಅವರ ಬಳಿಕ 1906ರಲ್ಲಿ ಪ್ರಾಕ್ತನ ಇಲಾಖೆಯ ಹೊಣೆ ಹೊತ್ತವರು ಆರ್. ನರಸಿಂಹಾಚಾರ್ಯರು. ‘ಕರ್ಣಾಟಕ ಕವಿಚರಿತೆ’ಯಲ್ಲಿ ಮರೆತುಹೋದ ಕವಿಗಳಿಗೆ ಹೆಸರು, ಕಾಲ, ಊರುಗಳನ್ನು ಕೊಟ್ಟ ಮಹನೀಯರೇ ಇವರು. ಕವಿಗಳಿಗೆ ಮಾಡಿದುದನ್ನೇ ಶಿಲ್ಪಿಗಳಿಗೂ ಮಾಡಿದರು. ಅವರು 1917ರಲ್ಲಿ ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು, 1919ರಲ್ಲಿ ಬೇಲೂರನ್ನು ಕುರಿತು ಕಿರುಹೊತ್ತಗೆಗಳನ್ನು ಹೊರತಂದರು. ಸೋಮನಾಥಪುರದ ಹೊರಗೋಡೆಯ 194 ದೊಡ್ಡ ಮೂರ್ತಿಗಳನ್ನು ಎಣಿಸಿ, ಪೀಠಗಳನ್ನು ಒಂದೊಂದಾಗಿ ಓದಿದಾಗ ಹೊಸ ಬಳಗವೊಂದು ಕಣ್ಣಿಗೆ ಬಿದ್ದಿತು: ಬಾಲೆಯ, ಚೌಡೆಯ, ಬಾಮಯ, ಭರ್ಮಯ, ನಂಜಯ, ಮಸಣಿತಮ್ಮ, ಎಲ್ಲರಿಗಿಂತ ಮಿಗಿಲಾಗಿ ಮಲ್ಲಿತಮ್ಮ. ಸುಮಾರು 40 ಮೂರ್ತಿಗಳ ಕೆಳಗೆ ಅವನೊಬ್ಬನದೇ ಹೆಸರು!

ಇಲ್ಲಿ ಬೇಲೂರಿನ ಬಿರುದಾವಳಿಯಿಲ್ಲ. ಊರಿಲ್ಲ, ತಂದೆಯ ಹೆಸರಿಲ್ಲ. ಮಾತಿಲ್ಲದವನ ರುಜು. ಕೇಳಿದೊಡನೆ ಇದು ಹೆಣ್ಣಿನ ಹೆಸರೆಂದು ಅನ್ನಿಸಿದರೆ ಆಶ್ಚರ್ಯವಿಲ್ಲ. ಕೊನೆಯಲ್ಲಿ ‘ಅಮ್ಮ’ ಕೇಳುತ್ತದಲ್ಲವೆ? ಆದರೆ ಪಕ್ಕದಲ್ಲಿಯೇ ನಿಂತ ಮಸಣಿತಮ್ಮನು ಈ ಸಂಶಯವನ್ನು ಪರಿಹರಿಸುತ್ತಾನೆ. ಎರಡರಲ್ಲಿಯೂ ಇರುವುದು ‘ಅಮ್ಮ’ನಲ್ಲ, ‘ತಮ್ಮ’. ಅಂದಿನ ಬರವಣಿಗೆಯಲ್ಲಿ ‘ತಮ್ಮ’ ಎಂಬುದನ್ನು ‘ತಂಮ’ ಎಂದು ಬರೆಯುವ ರೂಢಿಯೂ ಇದ್ದಿತಾದ್ದರಿಂದ, ಒಂದೇ ಹೆಸರು ಒಂದೊಂದು ಕಲ್ಲಿನಲ್ಲಿ ಒಂದೊಂದು ವೇಷದಲ್ಲಿ ಕಂಡರೆ ಬೆರಗಾಗಬೇಕಿಲ್ಲ.

ಒಗಟು ಬಿಗಿಯಾಗುವುದು ಈ ಹೆಸರು ಬೇರೆ ಊರುಗಳಲ್ಲಿಯೂ ಎದುರಾದಾಗ. ಮಂಡ್ಯ ಜಿಲ್ಲೆಯ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳ ಪಂಚಲಿಂಗೇಶ್ವರ ದೇವಾಲಯವಿದೆ. ಅಲ್ಲಿಯ ದ್ವಾರಪಾಲಕನ ಬಳಿ ‘ರೂವಾರಿ ಮಲ್ಲಿತಮ್ಮ’. ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮ. ಜಾವಗಲ್ಲಿನಲ್ಲಿ ಮಲ್ಲಿತಮ್ಮ. ನ್ಯಾಮತಿಯಿಂದ ದಕ್ಷಿಣಕ್ಕೆ, ಭದ್ರೆಯ ನೀರುಣ್ಣುವ ತರೀಕೆರೆಯ ಸೀಮೆಯ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇವಾಲಯದ ಮಂಟಪದ ಕಮಾನುಚಾವಣಿಗಳ ಕೆಲಸದಲ್ಲಿ ಕೈಯಿಟ್ಟವನೂ ಮಲ್ಲಿತಮ್ಮ!

ಈಗ ಮತ್ತೆ ಲೆಕ್ಕದವನನ್ನು ಕರೆಯೋಣ. 1196ರಲ್ಲಿ ಅಮೃತಾಪುರದಲ್ಲಿ ಆತನಿಗೆ ಇಪ್ಪತ್ತು ವರುಷವೆಂದು ಹಿಡಿದರೆ, ನುಗ್ಗೇಹಳ್ಳಿಯ ವೇಳೆಗೆ ಎಪ್ಪತ್ತು. ಸೋಮನಾಥಪುರವು 1258ರದಾದರೆ ಎಂಬತ್ತೆರಡು, 1268ರದಾದರೆ ತೊಂಬತ್ತೆರಡು. ಆ ವಯಸ್ಸಿನಲ್ಲಿ 40 ಮೂರ್ತಿಗಳು! ಜಕಣಾಚಾರಿಯ ನೂರೈವತ್ತು ವರುಷವನ್ನು ಒಪ್ಪದ ನಾವು ಮಲ್ಲಿತಮ್ಮನ ತೊಂಬತ್ತೆರಡನ್ನು ಕಣ್ಣು ಮುಚ್ಚಿ ಒಪ್ಪುವುದು ನ್ಯಾಯವೆ?

ಮೂರು ದಾರಿಗಳು

ಈ ಒಗಟನ್ನು ಬಿಡಿಸಲು ಮೂರು ದಾರಿಗಳುಂಟು.

ಮೊದಲನೆಯದು, ಒಬ್ಬನೇ ಮಲ್ಲಿತಮ್ಮನೆಂದು ಒಪ್ಪುವುದು. ಅರುವತ್ತು ವರುಷಕ್ಕೆ ಮೀರಿದ ಕಲಾಜೀವನವನ್ನು ಅವನಿಗೆ ಸಲ್ಲಿಸಿದ ಬರಹಗಾರರು ಹಲವರಿದ್ದಾರೆ. ಇದು ಅಸಾಧ್ಯವೆನ್ನುವಂತಿಲ್ಲ. ಹೊಕುಸಾಯಿಯೂ ಎಂಬತ್ತೆಂಟು ವರುಷ ಬದುಕಿ ಕಡೆಯವರೆಗೂ ಕುಂಚ ಹಿಡಿದನಷ್ಟೆ? ಆದರೆ ಕುಂಚ ಬೇರೆ, ಬಳಪದ ಕಲ್ಲಿಗೆ ದಿನವಿಡೀ ಚಾಣ ಹೊಡೆಯುವುದು ಬೇರೆ.

ಎರಡನೆಯದು, ನಮ್ಮ ಮನೆಗಳಿಂದಲೇ ತಿಳಿಯುವ ದಾರಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆ ಕನ್ನಡನಾಡಿನಲ್ಲಿ ಇಂದಿಗೂ ಜೀವಂತವಾಗಿದೆ. ಅಮೃತಾಪುರದವನು ಅಜ್ಜ, ಸೋಮನಾಥಪುರದವನು ಮೊಮ್ಮಗ ಎಂದರೆ ಎಪ್ಪತ್ತು ವರುಷದ ಅಂತರ ಎಷ್ಟು ಸಲೀಸಾಗಿ ಕೂಡಿಬರುತ್ತದೆ! ಶಾಸನಗಳಲ್ಲಿ ಅಜ್ಜ ಮೊಮ್ಮಗಂದಿರಿಗೆ ಒಂದೇ ಹೆಸರಿರುವ ವಂಶಾವಳಿಗಳು ಬೇಕಾದಷ್ಟಿವೆ. ಹೊಯ್ಸಳರ ಅರಸರಲ್ಲಿಯೇ ಮೂವರು ನರಸಿಂಹರು, ಮೂವರು ಬಲ್ಲಾಳರು ಇದ್ದರು. ಅರಸರಿಗೆ ಸಂಖ್ಯೆ ಕೊಟ್ಟು ಬೇರೆಬೇರೆಯಾಗಿ ಗುರುತಿಸುವ ನಾವು ರೂವಾರಿಗಳಿಗೆ ಆ ಮರ್ಯಾದೆಯನ್ನು ಏಕೆ ಸಲ್ಲಿಸಬಾರದು?

ಮೂರನೆಯದು, ಮಲ್ಲಿತಮ್ಮ ಎಂಬುದು ಕೆಲಸದ ಒಂದು ಬಳಗದ ಗುರುತೆಂದು ತಿಳಿಯುವುದು. ಹಿರಿಯನ ಕೈಕೆಳಗೆ ಮಕ್ಕಳು, ಅಳಿಯಂದಿರು, ಶಿಷ್ಯರು ಕೆಲಸ ಮಾಡುತ್ತಾರೆ. ಮುಗಿದ ಕಲ್ಲಿನ ಮೇಲೆ ಹಿರಿಯನ ಹೆಸರು ಬೀಳುತ್ತದೆ. ಕೂಲಿಯ ಲೆಕ್ಕಕ್ಕಾಗಿಯೇ ಇಂಥ ಹೆಸರುಗಳನ್ನು ಬರೆದಿರಬಹುದೆಂಬ ಊಹೆಯೂ ಉಂಟು. ಬಿರುದಿಲ್ಲದ, ಊರಿಲ್ಲದ ಸೋಮನಾಥಪುರದ ರುಜುಗಳಿಗೆ ಆ ಊಹೆ ಒಪ್ಪುತ್ತದೆ. ಬೇಲೂರಿನ ಹೆಮ್ಮೆಯ ಸಾಲುಗಳಿಗೆ ಒಪ್ಪುವುದಿಲ್ಲ.

ಇವುಗಳಲ್ಲಿ ಯಾವುದು ಸರಿ? ಹೆಸರೊಂದರಿಂದಲೇ ಇದನ್ನು ತೀರ್ಮಾನಿಸುವಂತಿಲ್ಲ. ಆಗ ನಾವು ತಿರುಗಬೇಕಾದುದು ಕೈಯ ಕಡೆಗೆ. 19ನೆಯ ಶತಮಾನದಲ್ಲಿ ಇಟಲಿಯ ಮೊರೆಲ್ಲಿ ಎಂಬ ಕಲಾಪರೀಕ್ಷಕನು ಈ ದಾರಿಯನ್ನು ತೋರಿಸಿಕೊಟ್ಟನು. ರುಜುವನ್ನು ಯಾರಾದರೂ ಬರೆಯಬಹುದು, ಮೊಗದ ಭಾವವನ್ನು ಯಾರಾದರೂ ಅನುಕರಿಸಬಹುದು. ಆದರೆ ಕಿವಿಯ ತಿರುವು, ಬೆರಳಿನ ಉಗುರು ಇಂಥ ಅಲ್ಪ ಭಾಗಗಳಲ್ಲಿ ಚಿತ್ರಕಾರನ ಕೈ ತನ್ನ ಅಭ್ಯಾಸಕ್ಕೇ ಶರಣಾಗುತ್ತದೆ, ಅಲ್ಲಿ ಅವನು ಸಿಕ್ಕಿಬೀಳುತ್ತಾನೆ ಎಂಬುದು ಆತನ ಸಿದ್ಧಾಂತ.

ಹೊಯ್ಸಳ ಶಿಲ್ಪದಲ್ಲಿ ಈ ಬಗೆಯ ಪರೀಕ್ಷೆಗೆ ನುಗ್ಗೇಹಳ್ಳಿಯಂಥ ಜಾಗ ಇನ್ನೊಂದಿಲ್ಲ. ಆ ಗುಡಿಯ ಒಂದು ಪಾರ್ಶ್ವದ ಗೋಡೆಯಲ್ಲಿ ನಂದಿಯ ಬೈಚೋಜನ ಕೆಲಸ, ಇನ್ನೊಂದು ಪಾರ್ಶ್ವದಲ್ಲಿ ಮಲ್ಲಿತಮ್ಮನ ಕೆಲಸ. ಒಂದೇ ಗುಡಿ, ಒಂದೇ ಕಾಲ, ಒಂದೇ ಕಲ್ಲು, ಅವೇ ದೇವತೆಗಳು; ಕೈ ಮಾತ್ರ ಬೇರೆ. ಹೊಯ್ಸಳ ದೇವಾಲಯಗಳನ್ನು ಊರೂರು ಅಲೆದು ನೋಡಿ ಬರೆದ ಡಚ್ ವಿದ್ವಾಂಸ ಗೆರಾರ್ಡ್ ಫೂಕೆಮಾ ಅವರು ಈ ಭೇದವನ್ನು ಎತ್ತಿ ತೋರಿಸಿದ್ದಾರೆ. ಬೈಚೋಜನ ಮೂರ್ತಿಗಳಲ್ಲಿ ಪ್ರಶಾಂತಿ, ಮಲ್ಲಿತಮ್ಮನವುಗಳಲ್ಲಿ ಲವಲವಿಕೆ. ಗುಡಿಯ ಸುತ್ತ ಒಮ್ಮೆ ಪ್ರದಕ್ಷಿಣೆ ಬಂದವನಿಗೆ, ಅಕ್ಷರ ಬಾರದಿದ್ದರೂ, ಎಲ್ಲೋ ಒಂದು ಕಡೆ ಕೈ ಬದಲಾಯಿತೆಂಬುದು ಅರಿವಾಗದಿರದು. ಕೆಲ್ಲೆಸನ್ ಕಾಲಿಯರ್ ಎಂಬ ವಿದ್ವಾಂಸರು 1990ರಲ್ಲಿ ಹೊಯ್ಸಳ ಕಲಾವಿದರ ಗುರುತು ಮತ್ತು ಶೈಲಿಗಳನ್ನು ಕುರಿತೇ ಒಂದು ಗ್ರಂಥವನ್ನು ಹೊರತಂದರು. ನಮ್ಮವರೇ ಆದ ಡಾ. ಷ. ಶೆಟ್ಟರ್ ಅವರು ಹೊಯ್ಸಳ ದೇವಾಲಯಗಳನ್ನು, ಮುಂದೆ ಲಿಪಿಕಾರರ ವೃತ್ತಿಯನ್ನು ಜೀವಮಾನವಿಡೀ ಅಭ್ಯಸಿಸಿ, ಕಲ್ಲಿನ ಹಿಂದಿನ ಮನುಷ್ಯರನ್ನು ನಮಗೆ ಪರಿಚಯ ಮಾಡಿಸಿದರು.

ನನಗೆ ತೋರುವುದನ್ನು ಹೇಳುವುದಾದರೆ, ಮೊದಲ ದಾರಿಯನ್ನು ಕುರುಡಾಗಿ ಹಿಡಿದವರು ಜಕಣಾಚಾರಿಯ ಕಥೆಯನ್ನೇ ಇನ್ನೊಂದು ಹೆಸರಿನಲ್ಲಿ ಹೇಳಿದಂತಾಗುತ್ತದೆ. ಒಂದೇ ಗುಡಿಯಲ್ಲಿ ಒಂದೇ ಕೈಯ ಗುಣ ತೋರುವ ರುಜುಗಳನ್ನು ಒಬ್ಬನವೆಂದು ನಂಬಬಹುದು. ಆದರೆ ಎಪ್ಪತ್ತು ವರುಷಗಳ ಉದ್ದಕ್ಕೂ ಚಾಚಿದ ಹೆಸರನ್ನು ಒಬ್ಬ ವ್ಯಕ್ತಿಯೆಂಬುದಕ್ಕಿಂತ ಒಂದು ಮನೆತನವೆಂದು, ತಲೆಯಿಂದ ತಲೆಗೆ ದಾಟಿದ ಒಂದು ಹೆಸರೆಂದು ತಿಳಿಯುವುದೇ ವಿವೇಕ. ಹೊಕುಸಾಯಿ ತನ್ನ ಹೆಸರನ್ನು ಶಿಷ್ಯನಿಗೆ ಬಿಟ್ಟುಕೊಟ್ಟನು. ನಮ್ಮ ರೂವಾರಿ ಮೊಮ್ಮಗನಿಗೆ ಬಿಟ್ಟುಕೊಟ್ಟಿರಬಹುದು.

ಹೆಸರಿನಿಂದ ಆಗುವುದೇನು?

“ಕಲ್ಲು ಚೆನ್ನಾಗಿದೆ, ಸಾಲದೆ? ಕಡೆದವನು ಮಲ್ಲನಾದರೇನು, ಮಾರನಾದರೇನು?” ಎಂದು ಕೇಳುವವರಿದ್ದಾರೆ. ಅವರಿಗೆ ಎರಡು ಉತ್ತರಗಳುಂಟು.

ಮೊದಲನೆಯದು ಚರಿತ್ರೆಯ ಉತ್ತರ. ಗೋವಿಂದನಹಳ್ಳಿಯ ಗುಡಿಯ ಕಾಲವನ್ನು 13ನೆಯ ಶತಮಾನವೆಂದು ಗೊತ್ತುಪಡಿಸಲು ದ್ವಾರಪಾಲಕನ ಬಳಿಯ ಆ ಹೆಸರು ಒತ್ತಾಸೆಯಾಯಿತು. ಬೇಲೂರಿನ ಪೀಠದಲ್ಲಿ ಬಳ್ಳಿಗ್ರಾಮದ ಹೆಸರಿಲ್ಲದಿದ್ದರೆ, ಚಾಲುಕ್ಯರ ನಾಡಿನ ಕುಶಲಿಗಳು ಹೊಯ್ಸಳರ ನಾಡಿಗೆ ಇಳಿದು ಬಂದರೆಂಬುದನ್ನು ಶೈಲಿಯಿಂದ ಊಹಿಸಬೇಕಾಗುತ್ತಿತ್ತೇ ಹೊರತು ಹೆಸರು ಹಿಡಿದು ಹೇಳಲಾಗುತ್ತಿರಲಿಲ್ಲ. ಒಂದು ಹೆಸರು ಎರಡು ರಾಜ್ಯಗಳ ನಡುವೆ ಸೇತುವೆಯಾಯಿತು.

ಎರಡನೆಯದು ನ್ಯಾಯದ ಉತ್ತರ. ಕಟ್ಟಿಸಿದ ದಂಡನಾಯಕನ ಹೆಸರು ಉದ್ದನೆಯ ಶಾಸನದಲ್ಲಿ, ಗೌರವದ ಜಾಗದಲ್ಲಿ, ಮೂರು ತಲೆಮಾರುಗಳ ಹೊಗಳಿಕೆಯೊಡನೆ ನಿಂತಿದೆ. ಕಟ್ಟಿದವನ ಹೆಸರು ಬಗ್ಗಿ ನೋಡಿದರೆ ಮಾತ್ರ ಕಾಣುವ ಪೀಠದ ಅಂಚಿನಲ್ಲಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಲೋಕವೆಲ್ಲ ಹೊಯ್ಸಳರನ್ನು ಕೊಂಡಾಡಿತು. ಆ ಕೊಂಡಾಟದ ಒಂದು ಪಾಲು ದಾಸೋಜನಿಗೆ, ಚಾವಣನಿಗೆ, ಬೈಚೋಜನಿಗೆ, ಮಲ್ಲಿತಮ್ಮಂದಿರಿಗೆ ಸಲ್ಲಬೇಡವೆ? ಜಕಣಾಚಾರಿಯನ್ನು ಗದ್ದುಗೆಯಿಂದ ಇಳಿಸಬೇಕಾಗಿಲ್ಲ. ಅವನ ಗದ್ದುಗೆಯ ಸುತ್ತ ಇವರಿಗೂ ಮಣೆ ಹಾಕಿದರೆ ಸಾಕು.

ಈಗ ನ್ಯಾಮತಿಯ ಆ ಕೆರೆಯ ಏರಿಗೆ ಮರಳೋಣ. ಹನುಮಂತನ ಗುಡಿಯ ಮುಂದೆ ವೀರಗಲ್ಲು ಇನ್ನೂ ನಿಂತಿದೆ. ಅಡಕೆ ತೋಟಕ್ಕೆ, ಜೋಳದ ಹೊಲಕ್ಕೆ ಹೋಗುವವರು ದಿನವೂ ಅದರ ಮುಂದೆಯೇ ಹಾದುಹೋಗುತ್ತಾರೆ. ಹಲವೆಡೆ ಇಂಥ ಕಲ್ಲುಗಳು ಬಟ್ಟೆ ಒಗೆಯುವ ಹಾಸಾಗಿವೆ. ಕೆಲವೆಡೆ ಭಕ್ತಿಯಿಂದಲೇ ಬಣ್ಣ ಬಳಿದು ಅಕ್ಷರಗಳನ್ನು ಮುಚ್ಚಿದ್ದಾರೆ. ಬಣ್ಣ ಬಳಿಯುವ ಮುನ್ನ, ಅಥವಾ ಹೊಸ ಗುಡಿಯ ಪಾಯಕ್ಕೆ ಕಲ್ಲನ್ನು ಉರುಳಿಸುವ ಮುನ್ನ, ಊರ ಹುಡುಗರು ಒಂದು ಕೆಲಸ ಮಾಡಬಹುದು. ಮುಂಜಾನೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಆ ಹೊತ್ತಿಗೆ ಹೋಗಿ ಕಲ್ಲಿನ ಬುಡದ ಮಣ್ಣನ್ನು ಮೆಲ್ಲನೆ ಕೈಯಿಂದ ಸರಿಸಿ ನೋಡಲಿ. ವೀರನ ಹೆಸರು ಇರಬಹುದು, ಅರಸನ ಹೆಸರು ಇರಬಹುದು. ಅವುಗಳ ಕೊನೆಯಲ್ಲಿ, ಎಲ್ಲರೂ ಓದಿ ಮುಗಿಸಿ ಎದ್ದುಹೋಗುವ ಜಾಗದಲ್ಲಿ, ‘ಓಜ’ ಎಂದು ಮುಗಿಯುವ ಒಂದು ಸಣ್ಣ ಹೆಸರು ಇದ್ದರೂ ಇರಬಹುದು.

ಇದ್ದರೆ ಅದನ್ನು ಗಟ್ಟಿಯಾಗಿ ಓದಲಿ. ಕಟ್ಟೆಯ ಮೇಲಿನ ಹಿರಿಯರಿಗೂ ಕೇಳಿಸಲಿ.